ಧೈರ್ಯ ಹೇಳಿದರೆ ಸಾಲದು: ದೇಹದ ಕಾಯಿಲೆಯ ಜೊತೆ ಬರುವ ಆತಂಕ ಮತ್ತು ಅದರ ಚಿಕಿತ್ಸೆ



2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ ತಮ್ಮ 46ನೇ ವಯಸ್ಸಿನಲ್ಲಿ ಹಠಾತ್ತನೆ ತೀರಿಕೊಂಡಾಗ ನಾಡು ಅತ್ತಿತು, ಜೊತೆಗೆ ಹೆದರಿತು ಕೂಡ. ಮುಂದಿನ ದಿನಗಳಲ್ಲಿ ಹೃದ್ರೋಗ ಆಸ್ಪತ್ರೆಗಳ ಹೊರರೋಗಿ ವಿಭಾಗಗಳಿಗೆ ತಪಾಸಣೆ ಮಾಡಿಸಿಕೊಳ್ಳಲು ಜನ ನುಗ್ಗಿದರು. 2025ರ ಜೂನ್, ಜುಲೈ ತಿಂಗಳಲ್ಲಿ ಹಾಸನ ಜಿಲ್ಲೆಯಿಂದ ಹೃದಯಾಘಾತದ ಸಾವಿನ ಸುದ್ದಿ ಒಂದರ ಹಿಂದೆ ಒಂದು ಬಂದಾಗ ಮೈಸೂರು, ಬೆಂಗಳೂರುಗಳ ಜಯದೇವ ಹೃದ್ರೋಗ ಆಸ್ಪತ್ರೆಗಳಲ್ಲಿ ಮತ್ತೆ ಅದೇ ನೂಕುನುಗ್ಗಲು. ಹಿಂದಿಗಿಂತ ಸಾವು ಹೆಚ್ಚಿಲ್ಲ ಎಂದು ಸರ್ಕಾರ ನೇಮಿಸಿದ ತಜ್ಞರ ಸಮಿತಿ ವರದಿ ಕೊಟ್ಟಿತು. ಆದರೆ ಭಯ ವರದಿ ಓದಿ ಇಳಿಯುವಂಥದ್ದಲ್ಲ. ಇಂಥ ಸಾಲುಗಳಲ್ಲಿ ಎರಡು ಬಗೆಯ ಜನ ಇರುತ್ತಾರೆ. ಕಾಯಿಲೆ ಇಲ್ಲದೆ ಅದರ ಭಯ ಮಾತ್ರ ಇರುವವರು ಕೆಲವರು. ಕಾಯಿಲೆಯೂ ಇದ್ದು, ಅದನ್ನು ಮೀರಿ ಭಯವೂ ಬೆಳೆದವರು ಇನ್ನು ಕೆಲವರು: ಸ್ಟೆಂಟ್ ಹಾಕಿಸಿಕೊಂಡವರು, ಇನ್ಸುಲಿನ್ ತೆಗೆದುಕೊಳ್ಳುವವರು, ಶ್ವಾಸಕೋಶದ ಕಾಯಿಲೆಯಿಂದ ದಮ್ಮು ಕಟ್ಟುವವರು, ಕ್ಯಾನ್ಸರ್ ಚಿಕಿತ್ಸೆ ಮುಗಿದರೂ ಮುಂದಿನ ಸ್ಕ್ಯಾನ್‌ವರೆಗೆ ಉಸಿರು ಬಿಗಿಹಿಡಿದು ಬದುಕುವವರು. ಮೊದಲನೆಯವರ ಬಗ್ಗೆ ಲೇಖನಗಳಾದರೂ ಬರುತ್ತವೆ. ಎರಡನೆಯವರ ಆತಂಕ ಕಾಯಿಲೆಯ ಫೈಲಿನಲ್ಲಿ ಒಂದು ಸಾಲಾಗಿಯೂ ದಾಖಲಾಗುವುದಿಲ್ಲ. ಇವತ್ತಿನ ನನ್ನ ಮಾತು ಮುಖ್ಯವಾಗಿ ಅವರನ್ನು ಕುರಿತದ್ದು.

ಅವರಿಗೆ ನಮ್ಮಲ್ಲಿ ಸಿಗುವ ಉತ್ತರ ಎರಡೇ. ‘ಏನೂ ಆಗಲ್ಲ, ಧೈರ್ಯವಾಗಿರಿ’ ಎನ್ನುವುದು ಒಂದು. ‘ಇಂಥ ಕಾಯಿಲೆ ಬಂದ ಮೇಲೆ ಹೆದರಿಕೆ ಇದ್ದೇ ಇರುತ್ತೆ ಬಿಡಿ’ ಎನ್ನುವುದು ಇನ್ನೊಂದು. ಎರಡರಲ್ಲೂ ಕರುಣೆ ಇದೆ, ಎರಡರಲ್ಲೂ ಚಿಕಿತ್ಸೆ ಇಲ್ಲ. ನನ್ನ ವಾದ ಇಷ್ಟು: ದೇಹದ ಕಾಯಿಲೆಯ ಜೊತೆ ಬರುವ ಆತಂಕ ಕಾಯಿಲೆಯ ನೆರಳಲ್ಲ, ರೋಗಿಯ ದೌರ್ಬಲ್ಯವೂ ಅಲ್ಲ; ತನ್ನದೇ ಚಕ್ರದಲ್ಲಿ ತಿರುಗುವ, ಆ ಚಕ್ರವನ್ನು ತಿಳಿದು ತಡೆಯಬಹುದಾದ ಇನ್ನೊಂದು ತೊಂದರೆ. ಅದನ್ನು ತಡೆಯಲು ಪರೀಕ್ಷೆಗೆ ಒಳಪಟ್ಟು ನಿಂತ ವಿಧಾನವೊಂದಿದೆ. ಅರಿವು-ವರ್ತನಾ ಚಿಕಿತ್ಸೆ ಎಂದು ಅದರ ಹೆಸರು. ಆಸ್ಪತ್ರೆಯ ಮಾತಿನಲ್ಲಿ ಸಿಬಿಟಿ. ಆ ಚಿಕಿತ್ಸೆ ಸಿಗಬೇಕಾದದ್ದು ಊರಾಚೆಯ ಇನ್ನೊಂದು ಆಸ್ಪತ್ರೆಯಲ್ಲಲ್ಲ, ಎದೆಗೆ, ಸಕ್ಕರೆಗೆ, ಉಸಿರಿಗೆ ಔಷಧಿ ಕೊಡುವ ಅದೇ ಜಾಗದಲ್ಲಿ.

ಈ ಚಿಕಿತ್ಸೆಯ ಬೇರು 1960ರ ದಶಕದ ಫಿಲಡೆಲ್ಫಿಯದಲ್ಲಿದೆ. ಅಲ್ಲಿನ ಮನೋವೈದ್ಯ ಆರನ್ ಬೆಕ್, ಖಿನ್ನತೆಯ ರೋಗಿಗಳ ಮನಸ್ಸಿನಲ್ಲಿ ಘಟನೆಗೂ ದುಃಖಕ್ಕೂ ನಡುವೆ ಥಟ್ಟನೆ ಹಾದುಹೋಗುವ ಯೋಚನೆಗಳಿವೆ, ಅವುಗಳನ್ನು ಹಿಡಿದು ಪರಿಶೀಲಿಸಬಹುದು ಎಂದು ತೋರಿಸಿದರು. 1986ರಲ್ಲಿ ಬ್ರಿಟನ್ನಿನ ಮನೋವಿಜ್ಞಾನಿ ಡೇವಿಡ್ ಕ್ಲಾರ್ಕ್, ದೇಹದಲ್ಲಿ ಆಗುವ ಸಣ್ಣ ಬದಲಾವಣೆಯನ್ನು ಅನಾಹುತದ ಮುನ್ಸೂಚನೆ ಎಂದು ಓದಿಕೊಳ್ಳುವುದರಿಂದಲೇ ಪ್ಯಾನಿಕ್ ಎಂಬ ಹಠಾತ್ ಭಯ ಹುಟ್ಟುತ್ತದೆ ಎಂದು ವಿವರಿಸಿದರು. ಅದೇ ವರ್ಷ ಪಾಲ್ ಸಾಲ್ಕೋವ್‌ಸ್ಕಿಸ್ ಮತ್ತು ಹಿಲರಿ ವಾರ್ವಿಕ್ ಇನ್ನೊಂದು ಮಾತು ಸೇರಿಸಿದರು. ಪದೇ ಪದೇ ಧೈರ್ಯ ಕೇಳುವುದು, ಮೈ ಮುಟ್ಟಿ ನೋಡಿಕೊಳ್ಳುವುದು, ಮತ್ತೊಂದು ಪರೀಕ್ಷೆ ಮಾಡಿಸುವುದು ಆತಂಕವನ್ನು ಆ ಕ್ಷಣಕ್ಕೆ ಇಳಿಸಿದರೂ ದೀರ್ಘಕಾಲದಲ್ಲಿ ಅದನ್ನೇ ಸಾಕುತ್ತವೆ ಎಂಬುದು ಅವರ ವಾದ. ತುರಿ ಕೆರೆದುಕೊಂಡ ಹಾಗೆ ಇದು: ಕೆರೆದಾಗ ಹಾಯೆನಿಸುತ್ತದೆ, ಕೆರೆದಿದ್ದರಿಂದಲೇ ತುರಿ ಬೆಳೆಯುತ್ತದೆ. ‘ಏನೂ ಇಲ್ಲ’ ಎಂಬ ಮಾತು ಸುಳ್ಳಲ್ಲ, ಅದರ ಗುಣ ಬಹಳ ಹೊತ್ತು ನಿಲ್ಲುವುದಿಲ್ಲ, ಅಷ್ಟೆ. ರೋಗಿ ಆಸ್ಪತ್ರೆಯ ಮೆಟ್ಟಿಲಿಳಿಯುವಾಗ ‘ಇಸಿಜಿ ತೆಗೆಯುವಾಗ ನೋವಿರಲಿಲ್ಲ, ಅದಕ್ಕೇ ಗೊತ್ತಾಗಲಿಲ್ಲವೇನೋ’ ಎಂಬ ಹೊಸ ಅನುಮಾನ ಅವರ ಜೊತೆಗೇ ಇಳಿಯುತ್ತದೆ.

ಈ ಚಕ್ರವನ್ನು ಹತ್ತಿರದಿಂದ ನೋಡಲು ಸಿಒಪಿಡಿ ಎಂಬ ಶ್ವಾಸಕೋಶದ ಕಾಯಿಲೆಗಿಂತ ಒಳ್ಳೆಯ ಉದಾಹರಣೆ ಇಲ್ಲ. ವರ್ಷಗಟ್ಟಲೆ ಬೀಡಿ ಸೇದಿದವರಿಗೆ, ಸೌದೆ ಒಲೆಯ ಹೊಗೆ ಕುಡಿದ ಹೆಂಗಸರಿಗೆ ಬರುವ ಕಾಯಿಲೆ ಇದು. ಶ್ವಾಸನಾಳಗಳು ಕಿರಿದಾಗಿರುವುದರಿಂದ ಒಳಗೆ ಹೋದ ಗಾಳಿ ಹೊರಗೆ ಬರಲು ಹೆಚ್ಚು ಸಮಯ ಬೇಕು. ರೋಗಿ ನಾಲ್ಕು ಮೆಟ್ಟಿಲು ಹತ್ತುತ್ತಾರೆ, ಏದುಸಿರು ಬರುತ್ತದೆ. ಅಲ್ಲಿಯವರೆಗಿನದು ಶ್ವಾಸಕೋಶದ ಕೆಲಸ. ಆಗ ‘ಇನ್ನು ಉಸಿರು ನಿಂತೇ ಹೋಗುತ್ತೆ’ ಎಂಬ ಯೋಚನೆ ಹಾಯುತ್ತದೆ. ಹೆದರಿದ ದೇಹ ಮೇಲಿಂದ ಮೇಲೆ ಸಣ್ಣ ಸಣ್ಣ ಉಸಿರು ಎಳೆಯುತ್ತದೆ. ಮೊದಲ ಉಸಿರು ಪೂರ್ತಿ ಹೊರಬರುವ ಮೊದಲೇ ಮುಂದಿನದು ಒಳಗೆ ಹೋಗುತ್ತದೆ. ಗಾಳಿ ಒಳಗೇ ಸಿಕ್ಕಿಕೊಂಡು ಎದೆ ಉಬ್ಬುತ್ತದೆ, ದಮ್ಮು ನಿಜವಾಗಿಯೂ ಹೆಚ್ಚುತ್ತದೆ. ಭಯ ಹೇಳಿದ್ದೇ ನಿಜವಾಯಿತು ಎಂದು ರೋಗಿಗೆ ಅನ್ನಿಸುತ್ತದೆ. ಮರುದಿನ ಅವರು ಮೆಟ್ಟಿಲು ಹತ್ತುವುದಿಲ್ಲ, ವಾರದ ಮೇಲೆ ಸಂತೆಗೆ ಹೋಗುವುದಿಲ್ಲ, ತಿಂಗಳಾದ ಮೇಲೆ ಬಚ್ಚಲಿಗೂ ಯಾರಾದರೂ ಜೊತೆಗೆ ಬೇಕು. ಬಳಸದ ಕಾಲಿನ ಸ್ನಾಯು ಸೊರಗುತ್ತದೆ, ಸೊರಗಿದ ಕಾಲಿಗೆ ಎರಡೇ ಹೆಜ್ಜೆಗೂ ಏದುಸಿರು. ಇಲ್ಲಿ ಕಾಯಿಲೆ ಎಲ್ಲಿಗೆ ಮುಗಿಯಿತು, ಆತಂಕ ಎಲ್ಲಿಂದ ಶುರುವಾಯಿತು ಎಂದು ಗೆರೆ ಎಳೆಯಲಾಗದು. ಎಳೆಯುವ ಅಗತ್ಯವೂ ಇಲ್ಲ. ಚಕ್ರದ ಯಾವ ಜಾಗದಲ್ಲಿ ಕೈ ಇಟ್ಟು ತಡೆಯಬಹುದು ಎಂಬುದಷ್ಟೇ ಪ್ರಶ್ನೆ.

ಸಿಬಿಟಿ ಕೈ ಇಡುವುದು ಎರಡು ಕಡೆ: ಯೋಚನೆಯಲ್ಲಿ, ನಡವಳಿಕೆಯಲ್ಲಿ. ಅದು ಉಪದೇಶವಲ್ಲ, ಸಕಾರಾತ್ಮಕವಾಗಿ ಯೋಚಿಸಿ ಎಂಬ ಸಲಹೆಯೂ ಅಲ್ಲ. ರೋಗಿಯ ಭಯವನ್ನು ಒಂದು ಭವಿಷ್ಯವಾಣಿ ಎಂದು ತೆಗೆದುಕೊಂಡು, ಅದು ನಿಜವಾಗುತ್ತದೆಯೇ ಎಂದು ರೋಗಿಯ ಜೊತೆ ಕುಳಿತು ಪರೀಕ್ಷಿಸುವ ಕ್ರಮ ಅದು. ಮೆಟ್ಟಿಲಿನ ಉದಾಹರಣೆಯಲ್ಲೇ ಹೇಳುವುದಾದರೆ, ತರಬೇತಿ ಪಡೆದ ನರ್ಸ್ ಮೊದಲು ‘ಹತ್ತಿದರೆ ಏನಾಗುತ್ತೆ ಅಂತ ನಿಮಗನ್ನಿಸುತ್ತೆ?’ ಎಂದು ಕೇಳಿ ಉತ್ತರವನ್ನು ಬರೆದುಕೊಳ್ಳುತ್ತಾರೆ. ತುಟಿ ಕಿರಿದು ಮಾಡಿ ನಿಧಾನವಾಗಿ, ಉದ್ದಕ್ಕೆ ಉಸಿರು ಬಿಡುವುದನ್ನು ಕಲಿಸುತ್ತಾರೆ. ಆಮೇಲೆ ಇಬ್ಬರೂ ಸೇರಿ ಮೆಟ್ಟಿಲು ಹತ್ತುತ್ತಾರೆ. ದಮ್ಮು ಬಂದಾಗ ನಿಂತು, ಅದು ಎಷ್ಟು ನಿಮಿಷದಲ್ಲಿ ತಾನಾಗಿ ಇಳಿಯುತ್ತದೆ ಎಂದು ಗಡಿಯಾರ ನೋಡುತ್ತಾರೆ. ‘ಉಸಿರು ನಿಂತೇ ಹೋಗುತ್ತೆ’ ಎಂದು ಬರೆದ ಸಾಲಿನ ಪಕ್ಕದಲ್ಲಿ ನಿಜವಾಗಿ ನಡೆದದ್ದನ್ನು ಬರೆಯುತ್ತಾರೆ. ಇಲ್ಲಿ ರೋಗಿಗೆ ಧೈರ್ಯವನ್ನು ಯಾರೂ ಕೊಡಲಿಲ್ಲ. ಅವರದೇ ಅನುಭವ ಅದನ್ನು ಕೊಟ್ಟಿತು. ಆದ್ದರಿಂದ ಅದು ಮನೆಗೆ ಹೋದ ಮೇಲೂ ಉಳಿಯುತ್ತದೆ.

ನಿಜವಾದ ಕಾಯಿಲೆ ಇರುವವರಲ್ಲಿ ಈ ಕೆಲಸಕ್ಕೆ ಸೂಕ್ಷ್ಮತೆ ಬೇಕು, ಏಕೆಂದರೆ ಇಲ್ಲಿ ಎಲ್ಲ ಎಚ್ಚರಿಕೆಯೂ ಅತಿಯಾದದ್ದಲ್ಲ. ಹೃದಯಾಘಾತ ಆದವರು ನಾಲಿಗೆಯ ಕೆಳಗಿಡುವ ಮಾತ್ರೆಯನ್ನು ಜೇಬಿನಲ್ಲಿಟ್ಟುಕೊಳ್ಳುವುದು ವೈದ್ಯರ ಮಾತು, ಅದನ್ನು ಬಿಡಿಸಬಾರದು. ಗಂಟೆಗೆ ಹತ್ತು ಸಲ ನಾಡಿ ಹಿಡಿದು ನೋಡಿಕೊಳ್ಳುವುದು, ಒಬ್ಬರೇ ಸ್ನಾನಕ್ಕೆ ಹೋಗದಿರುವುದು, ಮೊಮ್ಮಗುವನ್ನು ಎತ್ತಿಕೊಳ್ಳದಿರುವುದು ವೈದ್ಯರು ಹೇಳಿದ್ದಲ್ಲ, ಭಯ ಹೇಳಿದ್ದು. ಚಿಕಿತ್ಸೆಯ ಮೊದಲ ಕೆಲಸವೇ ಈ ಎರಡು ಪಟ್ಟಿಗಳನ್ನು ಬೇರೆ ಮಾಡುವುದು, ಅದೂ ಹೃದ್ರೋಗ ವೈದ್ಯರನ್ನು ಕೇಳಿಯೇ. ಸಕ್ಕರೆ ಕಾಯಿಲೆಯಲ್ಲಿ ಇದು ಇನ್ನೂ ಸ್ಪಷ್ಟ. ರಕ್ತದ ಸಕ್ಕರೆ ತಗ್ಗಿದಾಗ ಬೆವರು, ನಡುಕ, ಎದೆಬಡಿತ ಬರುತ್ತವೆ. ಆತಂಕದಲ್ಲೂ ಅವೇ ಬರುತ್ತವೆ. ಒಮ್ಮೆ ಸಕ್ಕರೆ ತಗ್ಗಿ ಬಿದ್ದವರು ಅದೇ ಭಯಕ್ಕೆ ಇನ್ಸುಲಿನ್ ಕಡಿಮೆ ತೆಗೆದುಕೊಂಡು, ಸಕ್ಕರೆಯನ್ನು ಏರಿದ ಮಟ್ಟದಲ್ಲೇ ಉಳಿಸಿಕೊಳ್ಳುವುದುಂಟು. ಅದರ ಬೆಲೆಯನ್ನು ಮುಂದೆ ಕಣ್ಣು, ಮೂತ್ರಪಿಂಡಗಳು ತೆರುತ್ತವೆ. ಅಮೆರಿಕದ ವರ್ಜೀನಿಯ ವಿಶ್ವವಿದ್ಯಾಲಯದಲ್ಲಿ ಡೇನಿಯಲ್ ಕಾಕ್ಸ್ ಮತ್ತು ಸಂಗಡಿಗರು ರೂಪಿಸಿದ ತರಬೇತಿಯಲ್ಲಿ ರೋಗಿ ಬೆರಳು ಚುಚ್ಚುವ ಮೊದಲು ‘ಈಗ ನನ್ನ ಸಕ್ಕರೆ ಇಷ್ಟಿರಬಹುದು’ ಎಂದು ಅಂದಾಜು ಬರೆಯಬೇಕು, ಆಮೇಲೆ ಮೀಟರಿನ ಅಂಕಿಯನ್ನು ಪಕ್ಕದಲ್ಲಿ ಬರೆಯಬೇಕು. ಹೀಗೆ ಬರೆಯುತ್ತ ಹೋದಂತೆ ಯಾವ ನಡುಕ ಸಕ್ಕರೆಯದು, ಯಾವುದು ಹೆದರಿಕೆಯದು ಎಂದು ಗುರುತಿಸುವುದನ್ನು ರೋಗಿ ಕಲಿಯುತ್ತಾರೆ.

ಇದಕ್ಕೆ ಸಾಕ್ಷಿ ಏನು? ಇಂಗ್ಲೆಂಡಿನಲ್ಲಿ ಪೀಟರ್ ಟೈರರ್ ಮತ್ತು ಸಂಗಡಿಗರು ಸಾಮಾನ್ಯ ಆಸ್ಪತ್ರೆಗಳ ಹೃದಯ, ಶ್ವಾಸಕೋಶ, ಜೀರ್ಣಾಂಗ, ನರ ಮತ್ತು ಹಾರ್ಮೋನ್ ವಿಭಾಗಗಳಿಗೆ ಬಂದ ಸುಮಾರು 29,000 ರೋಗಿಗಳನ್ನು ಪ್ರಶ್ನಾವಳಿಯಿಂದ ಪರಿಶೀಲಿಸಿದರು. ಹೆಚ್ಚುಕಡಿಮೆ ಐವರಲ್ಲಿ ಒಬ್ಬರಿಗೆ ಆರೋಗ್ಯದ ಬಗ್ಗೆ ಅತಿಯಾದ ಆತಂಕ ಇತ್ತು. ಅವರಲ್ಲಿ 444 ಜನರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದು ಗುಂಪಿಗೆ ಎಂದಿನ ಚಿಕಿತ್ಸೆಯ ಜೊತೆ 5ರಿಂದ 10 ಭೇಟಿಗಳ ಸಿಬಿಟಿ ಕೊಟ್ಟರು. 2014ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಅಚ್ಚಾದ ಫಲಿತಾಂಶದ ಪ್ರಕಾರ ಒಂದು ವರ್ಷದ ಕೊನೆಗೆ ಸಿಬಿಟಿ ಪಡೆದವರಲ್ಲಿ ಸುಮಾರು ಶೇ. 14 ಜನರ ಆತಂಕ ಸಾಮಾನ್ಯ ಮಟ್ಟಕ್ಕೆ ಇಳಿದಿತ್ತು, ಇನ್ನೊಂದು ಗುಂಪಿನಲ್ಲಿ ಶೇ. 7. ಐದು ವರ್ಷದ ನಂತರವೂ ಈ ಗುಣ ಉಳಿದಿತ್ತು. ಚಿಕಿತ್ಸೆ ಕೊಟ್ಟವರು ಈ ವಿದ್ಯೆಯಲ್ಲಿ ಹೆಸರು ಮಾಡಿದ ಪರಿಣತರಲ್ಲ, ಇದಕ್ಕೆಂದೇ ತರಬೇತಿ ಪಡೆದ ಸಿಬ್ಬಂದಿ. ಅವರಲ್ಲೂ ನರ್ಸ್‌ಗಳು ನೋಡಿದ ರೋಗಿಗಳೇ ಹೆಚ್ಚು ಸುಧಾರಿಸಿದ್ದು. ನ್ಯೂಕ್ಯಾಸಲ್‌ನಲ್ಲಿ 279 ಸಿಒಪಿಡಿ ರೋಗಿಗಳ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಶ್ವಾಸಕೋಶ ವಿಭಾಗದ ನರ್ಸ್‌ಗಳೇ ಸಿಬಿಟಿ ಕೊಟ್ಟರು. ಬರೀ ಕೈಪಿಡಿ ಪಡೆದವರಿಗಿಂತ ಇವರ ಆತಂಕ ಹೆಚ್ಚು ಇಳಿಯಿತು, ತುರ್ತು ವಿಭಾಗಕ್ಕೆ ಓಡುವುದೂ ಆಸ್ಪತ್ರೆ ಸೇರುವುದೂ ಕಡಿಮೆಯಾಯಿತು. ಇದಕ್ಕೂ ಮೊದಲು, 2004ರಲ್ಲಿ ಅಮೆರಿಕದ ಬಾರ್ಸ್‌ಕಿ ಮತ್ತು ಅಹರ್ನ್ 187 ಜನರ ಮೇಲೆ ಆರು ಭೇಟಿಗಳ ಸಿಬಿಟಿಯನ್ನು ಪರೀಕ್ಷಿಸಿದ್ದರು. ಒಂದು ವರ್ಷದ ನಂತರ ಕಾಯಿಲೆಯ ಭಯ, ತಪ್ಪು ನಂಬಿಕೆ ಇಳಿದಿದ್ದವು. ದೇಹದ ಲಕ್ಷಣಗಳು ಮಾತ್ರ ಗಣನೀಯವಾಗಿ ಇಳಿದಿರಲಿಲ್ಲ. ಈ ಕೊನೆಯ ಸಂಗತಿ ನನಗೆ ಬಹಳ ಮುಖ್ಯವೆನಿಸುತ್ತದೆ. ನೋವು ಇದ್ದೂ ಭಯ ಇಳಿಯಬಹುದು. ಬದುಕು ಮರಳಿ ಸಿಗಲು ಲಕ್ಷಣಗಳೆಲ್ಲ ಮಾಯವಾಗುವವರೆಗೆ ಕಾಯಬೇಕಿಲ್ಲ.

ಇಲ್ಲಿ ಮೊದಲ ಆಕ್ಷೇಪ ಏಳುತ್ತದೆ. ನೂರರಲ್ಲಿ ಏಳರ ಬದಲು ಹದಿನಾಲ್ಕು ಜನ ಎನ್ನುವುದು ಅಷ್ಟು ದೊಡ್ಡ ಗೆಲುವೆ? ಅಲ್ಲ, ಮತ್ತು ಹಾಗೆಂದು ಒಪ್ಪಿಕೊಳ್ಳುವುದೇ ಸರಿ. ಪೂರ್ತಿ ಗುಣವಾದವರ ಲೆಕ್ಕ ಅದು. ಆ ಮಟ್ಟ ಮುಟ್ಟದಿದ್ದರೂ ಒಟ್ಟಾರೆ ಆತಂಕ ಸಿಬಿಟಿ ಗುಂಪಿನಲ್ಲೇ ಹೆಚ್ಚು ಇಳಿಯಿತು. ಆದರೂ ಸಿಬಿಟಿಯಿಂದ ಎಲ್ಲವೂ ಸರಿಹೋಗುತ್ತದೆ ಎಂದು ಮಾರುವವರನ್ನು ನಂಬಬಾರದು. ಅಮೆರಿಕದಲ್ಲಿ ಹೃದಯಾಘಾತದ ನಂತರ ಖಿನ್ನತೆ ಅಥವಾ ಒಂಟಿತನ ಇದ್ದ 2,481 ಜನರ ಮೇಲೆ ನಡೆದು 2003ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಸಿಬಿಟಿಯಿಂದ ಖಿನ್ನತೆ ಸ್ವಲ್ಪ ಇಳಿಯಿತು, ಸಾವು ಮತ್ತು ಮರು ಆಘಾತ ಕಡಿಮೆಯಾಗಲಿಲ್ಲ. 2011ರಲ್ಲಿ ಸ್ವೀಡನ್ನಿನ ಉಪ್ಸಾಲದಿಂದ ಬಂದ, 362 ಹೃದ್ರೋಗಿಗಳ ಅಧ್ಯಯನದಲ್ಲಿ ಒಂದು ವರ್ಷ ಗುಂಪಿನಲ್ಲಿ ಕುಳಿತು ಒತ್ತಡ ನಿಭಾಯಿಸುವುದನ್ನು ಕಲಿತವರಲ್ಲಿ ಮರುಕಳಿಸುವ ಹೃದಯ, ರಕ್ತನಾಳಗಳ ತೊಂದರೆ ಶೇ. 41ರಷ್ಟು ಕಡಿಮೆ ಕಂಡಿತು. ಎರಡನ್ನೂ ಎದುರಿಗಿಟ್ಟುಕೊಂಡು ನೋಡಿದರೆ ಪ್ರಾಮಾಣಿಕವಾಗಿ ಹೇಳಬಹುದಾದದ್ದು ಇಷ್ಟೆ: ಆಯುಸ್ಸು ಹೆಚ್ಚುತ್ತದೆ ಎಂದು ಭರವಸೆ ಕೊಡುವಂತಿಲ್ಲ, ಇರುವ ಆಯುಸ್ಸನ್ನು ಭಯದಲ್ಲಿ ಸವೆಸದಂತೆ ಮಾಡಬಹುದು. ಆ ಕಾರಣಕ್ಕೊಂದೇ ಈ ಚಿಕಿತ್ಸೆ ಕೊಡತಕ್ಕದ್ದು. ನೋವಿನ ಮಾತ್ರೆಗೆ ನಾವು ಆಯುಸ್ಸಿನ ಲೆಕ್ಕ ಕೇಳುವುದಿಲ್ಲವಲ್ಲ.

ಎರಡನೆಯ ಆಕ್ಷೇಪ ರೋಗಿಗಳದೇ, ಮತ್ತು ಹೆಚ್ಚು ತೂಕದ್ದು. ‘ಹಾಗಾದರೆ ನನ್ನದೆಲ್ಲ ಮನಸ್ಸಿನದು ಅಂತೀರಾ?’ ಈ ಪ್ರಶ್ನೆಯ ಹಿಂದೆ ಅವಮಾನದ ಇತಿಹಾಸವೇ ಇದೆ. ಬ್ರಿಟನ್ನಿನಲ್ಲಿ ದೀರ್ಘಕಾಲದ ಬಳಲಿಕೆಯ ಕಾಯಿಲೆ ಇದ್ದ 641 ಜನರ ಮೇಲೆ ಪೇಸ್ ಎಂಬ ಪ್ರಯೋಗ ನಡೆದು 2011ರಲ್ಲಿ ಪ್ರಕಟವಾಯಿತು. ಸಿಬಿಟಿ ಮತ್ತು ಹಂತಹಂತದ ವ್ಯಾಯಾಮದಿಂದ ಚೇತರಿಕೆ ಸಾಧ್ಯ ಎಂಬ ಅದರ ವಾದವನ್ನು ರೋಗಿಗಳೂ ಹಲವು ವಿಜ್ಞಾನಿಗಳೂ ವರ್ಷಗಟ್ಟಲೆ ಪ್ರಶ್ನಿಸಿದರು. ಕೊನೆಗೆ 2021ರಲ್ಲಿ ಇಂಗ್ಲೆಂಡಿನ ನೈಸ್ ಸಂಸ್ಥೆ ತನ್ನ ಮಾರ್ಗಸೂಚಿ ಬದಲಿಸಿತು. ಆ ವ್ಯಾಯಾಮ ಕ್ರಮವನ್ನು ಕೈಬಿಟ್ಟಿತು. ಸಿಬಿಟಿ ಆ ಕಾಯಿಲೆಯನ್ನು ಗುಣಪಡಿಸುವುದಿಲ್ಲ, ಕಾಯಿಲೆಯ ಜೊತೆ ಬಾಳಲು ನೆರವಾಗಬಹುದು ಅಷ್ಟೆ ಎಂದಿತು. ಇದರಿಂದ ಕಲಿಯಬೇಕಾದ ಪಾಠ ದೊಡ್ಡದು. ಕಾರಣ ತಿಳಿಯದ ಕಾಯಿಲೆಯನ್ನು ಮನಸ್ಸಿನ ತಲೆಗೆ ಕಟ್ಟಲು ಸಿಬಿಟಿ ಉಪಕರಣವಾಗಬಾರದು. ಸಿಬಿಟಿ ತನ್ನ ಸೀಮೆಯಲ್ಲಿ ನಿಂತಾಗ ‘ನಿಮ್ಮ ಕಾಯಿಲೆ ಸುಳ್ಳು’ ಎನ್ನುವುದಿಲ್ಲ, ‘ಕಾಯಿಲೆ ನಿಜ, ಅದರ ಮೇಲೆ ಕುಳಿತ ಭಯವೂ ನಿಜ, ಎರಡಕ್ಕೂ ಚಿಕಿತ್ಸೆ ಬೇಕು’ ಎನ್ನುತ್ತದೆ. ಇದರ ಜೊತೆಗೇ ಒಂದು ಕಟ್ಟುನಿಟ್ಟು ಬೇಕು: ಹೊಸ ಲಕ್ಷಣ ಕಂಡಾಗ ಮೊದಲು ದೇಹದ ಪರೀಕ್ಷೆ. ಆತಂಕದ ಹಣೆಪಟ್ಟಿ ಇರುವವರಿಗೂ ಹೃದಯಾಘಾತ ಆಗುತ್ತದೆ. ಈ ಕೆಲಸ ಮನೋವೈದ್ಯರ ಪ್ರತ್ಯೇಕ ಕೊಠಡಿಗಿಂತ ದೇಹದ ಚಿಕಿತ್ಸೆಯ ಜಾಗದಲ್ಲೇ ನಡೆಯಬೇಕು ಎನ್ನಲು ಅದೇ ಮುಖ್ಯ ಕಾರಣ. ಅಲ್ಲಿ ಎರಡೂ ಕಣ್ಣು ಒಟ್ಟಿಗೆ ತೆರೆದಿರುತ್ತವೆ.

ಮಾತ್ರೆ ಇರುವಾಗ ಮಾತೇಕೆ ಎಂಬುದು ಮೂರನೆಯ ಪ್ರಶ್ನೆ. ಆತಂಕಕ್ಕೆ ಒಳ್ಳೆಯ ಮಾತ್ರೆಗಳಿವೆ, ತೀವ್ರ ಆತಂಕದಲ್ಲಿ ಅವು ಬೇಕೇ ಬೇಕು. ಆದರೆ ದೇಹದ ಕಾಯಿಲೆ ಇರುವವರಲ್ಲಿ ಆಯ್ಕೆ ಕಿರಿದಾಗುತ್ತದೆ. ನಿದ್ದೆ ತರಿಸುವ ಬೆಂಜೊಡಯಾಜೆಪಿನ್ ಮಾತ್ರೆಗಳು ಶ್ವಾಸಕೋಶ ಸೊರಗಿದವರ ಉಸಿರಾಟವನ್ನು ಇನ್ನಷ್ಟು ಕುಗ್ಗಿಸಬಲ್ಲವು, ವಯಸ್ಸಾದವರು ಬಿದ್ದು ಮೂಳೆ ಮುರಿದುಕೊಳ್ಳಲು ಕಾರಣವಾಗಬಲ್ಲವು, ಬಿಡಲಾಗದ ಅಭ್ಯಾಸವೂ ಆಗಬಲ್ಲವು. ಎದೆಬಡಿತ ತಗ್ಗಿಸಲು ಕೊಡುವ ಪ್ರೊಪ್ರಾನೊಲಾಲ್ ಅಸ್ತಮಾ ಇದ್ದವರಿಗೆ ಅಪಾಯ. ಈಗಾಗಲೇ ಏಳೆಂಟು ಮಾತ್ರೆ ನುಂಗುವವರಿಗೆ ಇನ್ನೊಂದನ್ನು ಸೇರಿಸುವ ಮೊದಲು ಮಾತಿನ ಚಿಕಿತ್ಸೆಯನ್ನು ಎದುರಿಗಿಡುವುದು ವೈದ್ಯರ ಕರ್ತವ್ಯ ಎಂದು ನಾನು ತಿಳಿಯುತ್ತೇನೆ.

ನಾಲ್ಕನೆಯದು ನಮ್ಮ ನೆಲದ ಆಕ್ಷೇಪ. ಓದು ಬರಹ ಬಾರದವರು ಯೋಚನೆಯ ದಿನಚರಿ ಬರೆಯುವುದುಂಟೆ, ಇದು ಪಶ್ಚಿಮದ ಓದಿದವರ ಚಿಕಿತ್ಸೆಯಲ್ಲವೆ ಎಂಬ ಮಾತು. ಪಾಕಿಸ್ತಾನದ ರಾವಲ್ಪಿಂಡಿಯ ಹಳ್ಳಿಗಳಲ್ಲಿ ಆರೋಗ್ಯ ಕಾರ್ಯಕರ್ತೆಯರು ಚಿತ್ರಗಳ ನೆರವಿನಿಂದ ಖಿನ್ನತೆಯ ತಾಯಂದಿರಿಗೆ ಸಿಬಿಟಿ ಆಧಾರಿತ ಚಿಕಿತ್ಸೆ ಕೊಟ್ಟು ಯಶಸ್ವಿಯಾದದ್ದು 2008ರಲ್ಲೇ ಲ್ಯಾನ್ಸೆಟ್‌ನಲ್ಲಿ ದಾಖಲಾಗಿದೆ. ಗೋವಾದ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಸಂಗಾತ್ ಸಂಸ್ಥೆ, ವೈದ್ಯರಲ್ಲದ ಸಾಮಾನ್ಯ ಜನರನ್ನೇ ಸಲಹೆಗಾರರನ್ನಾಗಿ ತರಬೇತುಗೊಳಿಸಿ, ಇದೇ ಬಗೆಯ ವರ್ತನಾ ಚಿಕಿತ್ಸೆಯನ್ನು ತೀವ್ರ ಖಿನ್ನತೆಯವರಿಗೆ ಕೊಟ್ಟು ಯಶಸ್ವಿಯಾದ ಫಲಿತಾಂಶ 2017ರಲ್ಲಿ ಬಂತು. ಬೆಂಗಳೂರು, ಚೆನ್ನೈ, ದೆಹಲಿ, ವಿಶಾಖಪಟ್ಟಣಗಳ ಮಧುಮೇಹ ಚಿಕಿತ್ಸಾಲಯಗಳಲ್ಲಿ 404 ರೋಗಿಗಳ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಅಧ್ಯಯನ ನಮಗೆ ಇನ್ನೂ ಹತ್ತಿರದ್ದು. ಸಕ್ಕರೆ ಮತ್ತು ಖಿನ್ನತೆ ಎರಡನ್ನೂ ಒಂದೇ ತಂಡ ನೋಡಿಕೊಂಡಾಗ ಎರಡೂ ಸುಧಾರಿಸಿದವು. ಇವೆಲ್ಲ ಖಿನ್ನತೆಯ ಅಧ್ಯಯನಗಳು, ಆತಂಕದವಲ್ಲ, ನಿಜ. ಆದರೆ ನಮ್ಮ ಜನಕ್ಕೆ ಈ ಬಗೆಯ ಚಿಕಿತ್ಸೆ ಒಗ್ಗುವುದಿಲ್ಲ ಎಂಬ ಮಾತನ್ನು ಅವು ಸುಳ್ಳಾಗಿಸುತ್ತವೆ. ‘ಜೀವ ಹೋದಂಗಾಗುತ್ತೆ’, ‘ಎದೆ ಝಲ್ ಅನ್ನುತ್ತೆ’ ಎಂದು ಹೇಳಬಲ್ಲವರು ತಮ್ಮ ಭಯದ ಭವಿಷ್ಯವಾಣಿಯನ್ನೂ ಹೇಳಬಲ್ಲರು. ಬರೆದುಕೊಳ್ಳಲು ಮನೆಯ ಮಗು ಸಾಕು. ನಮ್ಮಲ್ಲಿ ಬದಲಿಸಿಕೊಳ್ಳಬೇಕಾದದ್ದು ಇನ್ನೊಂದಿದೆ: ಮನೆಯವರನ್ನು ಒಳಗೆ ಕರೆಯಬೇಕು. ರೋಗಿಯ ಕೈಯಿಂದ ಬಿಂದಿಗೆ ಕಸಿದುಕೊಳ್ಳುವ ಸೊಸೆ, ಗಳಿಗೆಗೊಮ್ಮೆ ‘ಎದೆ ನೋವಾ?’ ಎಂದು ಕೇಳುವ ಮಗ ಪ್ರೀತಿಯಿಂದಲೇ ಭಯವನ್ನು ಬೆಳೆಸುತ್ತಿರುತ್ತಾರೆ. ಅವರಿಗೂ ಕಲಿಸದೆ ಇಲ್ಲಿ ಸಿಬಿಟಿ ನಡೆಯದು.

ಕೊನೆಯ ಆಕ್ಷೇಪ ಜನಬಲದ್ದು. ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್‌ನ ಮುಂದಾಳತ್ವದಲ್ಲಿ 12 ರಾಜ್ಯಗಳಲ್ಲಿ ನಡೆದ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ಮಾನಸಿಕ ತೊಂದರೆ ಇರುವವರಲ್ಲಿ, ತೊಂದರೆಯ ಬಗೆಗೆ ತಕ್ಕಂತೆ, ಶೇ. 70ರಿಂದ 92 ಜನ ಚಿಕಿತ್ಸೆಯಿಂದ ಹೊರಗಿದ್ದಾರೆ. ಮನೋವೈದ್ಯರಿಗಾಗಿ ಕಾಯುತ್ತ ಕುಳಿತರೆ ಈ ಅಂತರ ತುಂಬುವುದಿಲ್ಲ. ಈ ನಾಡಿಗೆ ಇದರ ಉತ್ತರ ಹೊಸದೇನಲ್ಲ. 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಕಾರ್ಯಕರ್ತರಿಗೂ ಮಾನಸಿಕ ಚಿಕಿತ್ಸೆಯ ತರಬೇತಿ ಕೊಟ್ಟು ಮಾಡಿದ ಪ್ರಯೋಗವೇ 1996ರಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಇಂದು ತಾಲ್ಲೂಕು ಆಸ್ಪತ್ರೆಗಳಲ್ಲಿ ಬಿಪಿ, ಸಕ್ಕರೆಗೆ ಎನ್‌ಸಿಡಿ (ಸಾಂಕ್ರಾಮಿಕವಲ್ಲದ ಕಾಯಿಲೆಗಳ) ಕ್ಲಿನಿಕ್‌ಗಳಿವೆ, ಅಲ್ಲಿ ನರ್ಸ್‌ಗಳಿದ್ದಾರೆ. 2022ರ ಅಕ್ಟೋಬರ್ 10ರಂದು ಆರಂಭವಾದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಗೆ ಕನ್ನಡದಲ್ಲೇ ಕರೆ ಮಾಡಬಹುದು. ಬಳ್ಳಾರಿಯ ದಾರಿಯಲ್ಲಿ ಇನ್ನೊಂದು ಹೆಜ್ಜೆ ಇಡಬೇಕಷ್ಟೆ. ಒಂದು ಎಚ್ಚರಿಕೆ ಮಾತ್ರ ಬೇಕು: ಒಂದು ದಿನದ ಕಾರ್ಯಾಗಾರಕ್ಕೆ ಕೂರಿಸಿ ಪ್ರಮಾಣಪತ್ರ ಕೊಟ್ಟರೆ ಚಿಕಿತ್ಸಕರು ತಯಾರಾಗುವುದಿಲ್ಲ. ತರಬೇತಿಯ ನಂತರವೂ ಮೇಲ್ವಿಚಾರಣೆ ಮುಂದುವರಿಯಬೇಕು. ಈಗಿರುವ ಕೆಲಸದ ಹೊರೆಯ ಮೇಲೆ ಇದನ್ನು ಹೇರಿದರೆ ಅದು ರಿಜಿಸ್ಟರಿನ ಇನ್ನೊಂದು ಕಲಂ ಆಗುತ್ತದೆ. ಸಮಯ ಬಿಡಿಸಿಕೊಟ್ಟು, ಅದಕ್ಕೆ ತಕ್ಕ ಸಂಬಳ ಕೊಟ್ಟು ಮಾಡಿಸಬೇಕು.

ಆದ್ದರಿಂದ ಈ ವೇದಿಕೆಯಿಂದ ನಾನು ಕೇಳುವುದು ಮೂರು. ಪ್ರತಿ ಎನ್‌ಸಿಡಿ ಕ್ಲಿನಿಕ್‌ನಲ್ಲಿ ಬಿಪಿ ನೋಡುವಾಗಲೇ ‘ಕಾಯಿಲೆಯ ಯೋಚನೆಯಿಂದ ನಿದ್ದೆ ಕೆಡುತ್ತಿದೆಯಾ? ಭಯದಿಂದ ಯಾವ ಕೆಲಸ ಬಿಟ್ಟಿದ್ದೀರಿ?’ ಎಂಬ ಎರಡು ಪ್ರಶ್ನೆ ಕೇಳಿ ಉತ್ತರ ದಾಖಲಿಸಲಿ. ಪ್ರತಿ ಜಿಲ್ಲೆಯಲ್ಲೂ ಹೃದಯ, ಶ್ವಾಸಕೋಶ, ಮಧುಮೇಹ ವಿಭಾಗಗಳ ಕೆಲವು ನರ್ಸ್‌ಗಳಿಗೆ ಸಿಬಿಟಿಯ ಪೂರ್ಣ ತರಬೇತಿ ಸಿಗಲಿ, ಜಿಲ್ಲಾ ಮಾನಸಿಕ ಆರೋಗ್ಯ ತಂಡ ಅವರ ಮೇಲ್ವಿಚಾರಣೆ ಹೊರಲಿ. ಹೃದಯಾಘಾತದ ರೋಗಿಯನ್ನು ಮನೆಗೆ ಕಳಿಸುವಾಗ ಏನು ಮಾಡಬಾರದು ಎಂಬ ಪಟ್ಟಿಯ ಜೊತೆಗೆ, ಎಷ್ಟು ನಡೆಯಬೇಕು, ಯಾವಾಗಿನಿಂದ ಭಾರ ಎತ್ತಬಹುದು, ಯಾವ ನೋವಿಗೆ ಆಸ್ಪತ್ರೆಗೆ ಬರಬೇಕು, ಯಾವುದಕ್ಕೆ ಬೇಡ ಎಂಬುದನ್ನೂ ಕನ್ನಡದಲ್ಲಿ ಬರೆದುಕೊಡಲಿ. ಇವುಗಳಲ್ಲಿ ಮೊದಲನೆಯದಕ್ಕೂ ಮೂರನೆಯದಕ್ಕೂ ಹೊಸ ಕಟ್ಟಡ ಬೇಡ, ಹೊಸ ಯಂತ್ರ ಬೇಡ. ನಾಳೆ ಬೆಳಿಗ್ಗೆಯೇ ಶುರು ಮಾಡಬಹುದು. ಎರಡನೆಯದಕ್ಕೆ ಸರ್ಕಾರದ ಮನಸ್ಸು ಬೇಕು, ಆ ಮನಸ್ಸನ್ನು ಮೂಡಿಸುವ ಒತ್ತಾಯ ನಮ್ಮಿಂದ ಬರಬೇಕು. ಕಾಯಿಲೆಯವರಿಗೆ ಧೈರ್ಯ ಹೇಳುವ ಸಮಾಜ ಒಳ್ಳೆಯದೇ. ಅವರು ತಾವೇ ಧೈರ್ಯ ಸಂಪಾದಿಸುವ ದಾರಿಯನ್ನು ಕಲಿಸುವ ಸಮಾಜ ಇನ್ನೂ ಒಳ್ಳೆಯದು, ಮತ್ತು ಅದು ನಮ್ಮ ಕೈಗೆ ಎಟಕುವಷ್ಟು ಹತ್ತಿರದಲ್ಲಿದೆ.